ಹದಿನೇಳನೆಯ ಬಿಲ್ಲೆ

ಜೇಜು ದ್ವೀಪದ ಕರಿಕಲ್ಲ ದಂಡೆಯಲ್ಲಿ
ನನಗಿರುವ ಹೆಸರು ತಕ್ಕಡಿಯವಳು.
ಇಟ್ಟವಳು ಬು ಮಾಲ್‌ಸುನ್, ಎಪ್ಪತ್ತಾರರ ಮುಳುಗುಗಾತಿ.
ಉಸಿರು ಕಟ್ಟಿ ಇಳಿದು ಚಿಪ್ಪು, ಪಾಚಿ ಕಿತ್ತು
ಮೇಲೆದ್ದು ಸಿಳ್ಳೆಯಂತೆ ಉಸಿರು ಬಿಡುವವಳು.
ಈಗ ತಿಂಗಳಿಗೊಮ್ಮೆ
ನನ್ನ ಉಕ್ಕಿನ ಬಿಲ್ಲೆಗಳನ್ನೂ ಬಿಚ್ಚಿ ತರುತ್ತಾಳೆ.

ಮೂವತ್ತಾರು ಬಿಲ್ಲೆ, ಅಂಗೈಯಗಲ,
ಪೊಹಾಂಗಿನ ಕುಲುಮೆಯಲ್ಲಿ ಹುಟ್ಟಿದವು.
ಒಂದರಲ್ಲಿ ಕ್ರೋಮಿಯಂ ಚಿಟಿಕೆ ಹೆಚ್ಚು, ಒಂದರಲ್ಲಿ ನಿಕಲ್,
ಹದಿನೇಳಕ್ಕೆ ಗಾಳಿಯಿಂದಲೇ ಕದ್ದ ಸಾರಜನಕ.
ಅಡುಗೆಯೇ ಇದು. ರುಚಿ ನೋಡುವುದು ಮಾತ್ರ ಕಡಲು,
ಅದೂ ನಿಧಾನವಾಗಿ.

ಚೌಕಟ್ಟಿಗೆ ಮೂರು ಸಾಲು:
ಸದಾ ಮುಳುಗಿದ್ದು, ಸದಾ ಗಾಳಿಯಲ್ಲಿದ್ದು,
ನಡುವೆ, ಅಲೆ ನೆಕ್ಕಿ ಬಿಟ್ಟು ಮತ್ತೆ ನೆಕ್ಕುವುದು.
ಆಳದಲ್ಲಿ ಗಾಳಿ ಕಡಿಮೆ, ಎತ್ತರದಲ್ಲಿ ನೀರು ಕಡಿಮೆ,
ನಡುವಿಗೆ ಎಲ್ಲವೂ ಧಾರಾಳ, ಬಿಸಿಲೂ ಸೇರಿ.
ಮೊದಲು ಹೋಗುವುದು ಅದೇ.
ನಾನು ವಿವರಿಸುವ ಮೊದಲೇ ಮಾಲ್‌ಸುನ್ ಅಂದಿದ್ದಳು:
"ತಳದಲ್ಲಿ ಯಾರೂ ಸಾಯೋದಿಲ್ಲ ಮಗಳೇ.
ಮೇಲೆ ಬರುವಾಗ,
ಇನ್ನೊಂದೇ ಮೊಳ ಅನ್ನುವಾಗ."

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಎರಡನ್ನೂ ಒಂದೇ ಗುಟುಕಿಗೆ ಕುಡಿದ ಕಬ್ಬಿಣದ ಗತಿ?

ತೊಳೆ, ಕಿಲುಬು ಕರಗಿಸು, ಒಣಗಿಸು, ತೂಗು.
ನನ್ನ ಕಸುಬೆಲ್ಲ ಈಗ ಇಲ್ಲದ್ದನ್ನು ತೂಗುವುದು.
ಗಾಳಿಯಂತ್ರಗಳ ಕಂಪನಿಯಿಂದ ತಕ್ ಪ್ಯೊಂಗುಕ್‌ನ ಫೋನು:
"ಕಡಲೊಳಗಿನ ಕಾಲುಗಳು ಇಪ್ಪತ್ತೈದು ವರ್ಷ ನಿಲ್ಲುತ್ತವೆ ತಾನೆ?"
ಬಿಲ್ಲೆಗಳಿಗಿನ್ನೂ ಎರಡು ವರ್ಷ ತುಂಬಿಲ್ಲ.
ನಿಲ್ಲಬಹುದು, ಅನ್ನುತ್ತೇನೆ.
ಆ "ಬಹುದು"ವಿನ ಮೇಲೆ ಗೋಪುರ ಎದ್ದೇಳುತ್ತದೆ.

ನವೆಂಬರಿನಲ್ಲಿ ನಡುಸಾಲಿನ ಹದಿನೇಳು ಕಾಣಲಿಲ್ಲ.
ಅಲೆಯ ಕೆಲಸ ಅಂದುಕೊಂಡು
ದಫ್ತರದಲ್ಲಿ ಬರೆದೆ: ಕಳೆದಿದೆ.

ಮಾರ್ಚಿನಲ್ಲಿ ಮಾಲ್‌ಸುನ್ ಊಟಕ್ಕೆ ಕರೆದಳು.
ಹಿತ್ತಲ ಮಣ್ಣಿನ ಜಾಡಿಯ ಮುಚ್ಚಳ ತೆಗೆದರೆ
ಉಪ್ಪುಮೂಲಂಗಿಯ ಮೇಲೆ, ಒಂದು ಕರಿಕಲ್ಲ ಕೆಳಗೆ
ಹದಿನೇಳು.

"ಮೂಲಂಗಿ ತೇಲ್ತಾ ಇತ್ತು," ಅಂದಳು,
ನಾಚಿಕೆಯೇನೂ ಇಲ್ಲದೆ.
"ನಿನ್ನದು ಚಪ್ಪಟೆಯಾಗಿ ಚೆನ್ನಾಗಿತ್ತು.
ಮೂವತ್ತೈದು ಉಳಿದಿವೆಯಲ್ಲ?"

ಕಡಲಿಗಿಂತ ಮೂರು ಪಟ್ಟು ಉಪ್ಪು, ಮೇಲೆ ಹುಳಿ,
ಇಡೀ ಚಳಿಗಾಲ.
ತೊಳೆದೆ. ಮುಖ ಹೊಳೆಯಿತು.
ತುಕ್ಕು ಬರುವ ಮೊದಲೇ ತಾನೇ ಹೊದ್ದ ತುಕ್ಕು,
ಸೋಪಿನ ಗುಳ್ಳೆಗಿಂತ ತೆಳು, ಹರಿದರೆ ತಾನೇ ಹೆಣೆದುಕೊಳ್ಳುವುದು,
ಹಾಗೇ ಇತ್ತು.
ತೂಕದಲ್ಲಿ ವ್ಯತ್ಯಾಸ ಕೂದಲೆಳೆ.

ಆದರೆ ಕಲ್ಲು ಒತ್ತಿ ಕೂತಿದ್ದಲ್ಲಿ,
ಗಾಳಿ ತಲುಪದಲ್ಲಿ, ಒಂದು ಸಾಸಿವೆಯಷ್ಟು ತೂತು.
ಸೂಜಿ ಇಳಿಸಿದೆ.
ಇಳಿಯಿತು.
ಇನ್ನೂ ಇಳಿಯಿತು.

ಆ ರಾತ್ರಿ ಕಂಪನಿಗೆ ಬರೆದೆ:
ಬೋಲ್ಟಿನ ಅಡಿಯ ಬಿಲ್ಲೆಗಳನ್ನು ಬದಲಿಸಿ,
ಮುಂದಿನ ಎರಕಕ್ಕೆ ಮಾಲಿಬ್ಡಿನಂ ಹೆಚ್ಚಿಸಿ.
ಎಲ್ಲ ಸಾಲುಗಳನ್ನೂ ಒತ್ತಿ ಪರೀಕ್ಷಿಸದೆ
ಇಪ್ಪತ್ತೈದರ ಮಾತು ನನ್ನ ಬಾಯಿಂದ ಬೇಡ.
ತಕ್ ಎರಡು ವಾರ ಮಾತು ಬಿಟ್ಟ.

ಮೂಲಂಗಿಗೆ ವರದಿಯಲ್ಲಿ ಕೋಷ್ಟಕವಿಲ್ಲ.
ಕೊನೆಯ ಪುಟದ ಕೃತಜ್ಞತೆಗಳಲ್ಲಿ
ಕುಲುಮೆಯವರು, ಬಂದರಿನವರು, ದುಡ್ಡು ಕೊಟ್ಟವರು.
ಅವರ ಕೆಳಗೆ ಒಂದು ಸಾಲು ಸೇರಿಸಿದೆ:
ಬು ಮಾಲ್‌ಸುನ್, ಉಪ್ಪಿಗಾಗಿ.

ಅಂದು ಊಟದಲ್ಲಿ ಒಂದು ಹೋಳು ಕಚ್ಚಿ
ನಾಲಿಗೆಯಲ್ಲಿ ಕಬ್ಬಿಣ ಹುಡುಕಿದ್ದೆ.
ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು,
ತಕ್ಕಡಿಯ ಮುಳ್ಳು ನೋಡುವಂತೆ.