ಕೈಯಿಂದ ತಿದ್ದಬೇಡಿ

ಪೀಣ್ಯ ಎರಡನೇ ಹಂತ. ಕೆಳಗೆ ಲೇತುಗಳ ಕೀರಲು,
ಮೇಲೆ ನಾವು ಆರು ಜನ, ಮೂಲೆಯಲ್ಲಿ
ಏದುಸಿರು ಬಿಡುವ ಬಿಲ್ಡ್ ಸರ್ವರು.
ಆಯುಧಪೂಜೆಗೆ ಯಾರೋ ಇಟ್ಟ ಕುಂಕುಮ
ಅದರ ನೆತ್ತಿಯಿಂದ ಇನ್ನೂ ಹೋಗಿಲ್ಲ.

ರಾತ್ರಿ ಎರಡಕ್ಕೆ ಅದು ತಾನಾಗಿ ಏಳುತ್ತದೆ.
ನಿನ್ನೆಯದನ್ನೆಲ್ಲ ಗುಡಿಸಿ ಚೆಲ್ಲಿ
ಮೂಲ ನೋಡಿಕೊಂಡು ಮತ್ತೆ ಬರೆಯುತ್ತದೆ
ನಾಲ್ಕುನೂರ ಹನ್ನೆರಡು ಕಡತ.
ಒಂದೊಂದರ ಹಣೆಯಲ್ಲೂ ಒಂದೇ ಸಾಲು:
ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ.

ಹಣೆಬರಹ ಯಾರು ಓದುತ್ತಾರೆ.

ಶನಿವಾರ ಸಂಜೆ ತಿಪ್ಪೇಶಿ ಓದಲಿಲ್ಲ.
ದಾಬಸ್‌ಪೇಟೆಯ ಅಕ್ಕಿ ಗಿರಣಿಯವರು ಫೋನಿನಲ್ಲಿ ಕೂಗಾಡುತ್ತಿದ್ದರು,
ನಿಮ್ಮ ತಕ್ಕಡಿ ಮೂಟೆಗೆ ನಲವತ್ತು ಗ್ರಾಂ ನುಂಗುತ್ತದೆ ಎಂದು.
ಇವನು ಕಡತ ತೆರೆದ. ಎಂಬತ್ತೊಂದನೇ ಸಾಲಿನ
ಏಳನ್ನು ಒಂಬತ್ತು ಮಾಡಿದ. ಕಳಿಸಿದ.
ತೂಕ ಸರಿಬಂತು. ಜಾಲಹಳ್ಳಿ ಕ್ರಾಸಿಗೆ ಹೋಗಿ
ಖಾರ ಜಾಸ್ತಿ ಹಾಕಿಸಿಕೊಂಡು ಮಸಾಲೆ ಪುರಿ ತಿಂದ.

ಸೋಮವಾರ ಹೊಸ ಪ್ರತಿ ಹೋಯಿತು.
ಮತ್ತೆ ನಲವತ್ತು ಗ್ರಾಂ.

"ತಿದ್ದಿದ್ದೆ ಮೇಡಂ, ದೇವರಾಣೆ."
ತಿದ್ದಿದ್ದೆ ಮಾರಾಯ, ಯಾರು ಇಲ್ಲ ಅಂದರು?
ರಂಗೋಲಿಯ ಸೊಟ್ಟ ಎಸಳನ್ನು
ರಾತ್ರಿ ನೆಟ್ಟಗೆ ಮಾಡಿ ಮಲಗಿದರೆ
ಬೆಳಗಿನ ಪೊರಕೆಗೆ ಅದೇನು ಗೊತ್ತು?
ಸೊಟ್ಟ ಇರುವುದು ಅಂಗಳದಲ್ಲಲ್ಲ,
ಎಳೆಯುವ ಬೆರಳಲ್ಲಿ.
(ಎಲ್ಲರೂ ಕೇಳುವ ಹಾಗೆ ಹೇಳಿದೆ. ಅದು ಬೇಕಿರಲಿಲ್ಲ.)

ಬೆರಳು ಹುಡುಕುತ್ತ ಹೊರಟೆವು.
ಕಡತವನ್ನು ಬರೆದದ್ದು ಒಂದು ಸ್ಕ್ರಿಪ್ಟು,
ಆ ಸ್ಕ್ರಿಪ್ಟನ್ನು ಬರೆದದ್ದು ಇನ್ನೊಂದು,
ಅದರ ಹಣೆಯಲ್ಲೂ ಅದೇ ಸಾಲು.
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಕೇಳಿದ ಹಾಗೆ,
ಹದಿನೇಳರಲ್ಲಿ ನೋಡಿ, ಇಲ್ಲಲ್ಲ ಇಪ್ಪತ್ತಮೂರು,
ಅಯ್ಯೋ ಅದು ಆಚೆ ಕಡೆ ನಿಲ್ಲುತ್ತೆ ಸ್ವಾಮಿ,
ಊಟದ ಹೊತ್ತು ದಾಟಿತು, ಡಬ್ಬಿಯ ಅನ್ನ ತಣ್ಣಗಾಯಿತು.

ಮೂಲ ಸಿಕ್ಕಿತು. ಅಲ್ಲಿ
ಆಗಲೇ ಒಂಬತ್ತು.

ಜೂನ್ ತಿಂಗಳಲ್ಲಿ, ಕೆಲಸ ಬಿಡುವ ಹಿಂದಿನ ದಿನ,
ಫಿಲೋಮಿನಾ ಮೇಡಂ ತಿದ್ದಿ ಹೋಗಿದ್ದರು.
ಇಪ್ಪತ್ತೆರಡು ವರ್ಷ ಕೆಜಿಎಫ್‌ನಿಂದ ರೈಲಿನಲ್ಲಿ ಬಂದವರು,
ಮೆಟ್ರೋ ಬಂದ ದಿನ ಎಲ್ಲರಿಗೂ ಪ್ಲಮ್ ಕೇಕು ತಂದವರು.
ಅವರದೇ ಒಂದು ಫೋಲ್ಡರು, ಹೆಸರು ಹೆಪ್ಪು.
ಅದೊಂದನ್ನು ಮಾತ್ರ ಪೊರಕೆ ಮುಟ್ಟುವುದಿಲ್ಲ:
ಬರೆಯುವ ಯಂತ್ರ ಕಣ್ಣು ಬಿಡಬೇಕಾದರೆ
ತಾನೇ ಹಿಂದೊಮ್ಮೆ ಬರೆದದ್ದು ಬೇಕು;
ನಿನ್ನೆಯ ಮೊಸರಿಲ್ಲದೆ ಇವತ್ತಿನ ಹಾಲು ಬರೀ ಹಾಲೇ.
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟಿದ್ದರು:
ಹೆಪ್ಪು ಚೆಲ್ಲಬೇಡಿ. ಆದರೆ ಹಾಗೇ ಬಿಡಬೇಡಿ, ಹುಳಿಯಾಗುತ್ತೆ.

ಮೂಲ ಬದಲಾದರೆ ಹೆಪ್ಪೂ ತಾನಾಗಿ ಬದಲಾಗಬೇಕು.
ಯಾಕೆ ಆಗಿಲ್ಲ? ತಾರೀಖು ನೋಡಿದ ತಿಪ್ಪೇಶಿ:
ಎರಡು ಸಾವಿರದ ನಲವತ್ತೆರಡು.
ಹದಿನೆಂಟು ವರ್ಷ ಬಿಟ್ಟು ಹುಟ್ಟುವ ಕೂಸನ್ನು
ಹಳತಾಯಿತು ಅಂತ ಯಾವ ಯಂತ್ರ ಹೇಳೀತು?

ನನಗೆ ನೆನಪಾಯಿತು.
ಯುಗಾದಿಯ ಹಿಂದಿನ ಸಂಜೆ, ಕರೆಂಟು ಹೋಗಿ ಬಂದು,
ಸರ್ವರಿನ ಗಡಿಯಾರ ದಿಕ್ಕುಗೆಟ್ಟು ನಿಂತಿತ್ತು.
ಎಣ್ಣೆ, ಬೇವು, ಹೂವು, ಯಶವಂತಪುರ ಸಂತೆ ಮುಚ್ಚುವ ಹೊತ್ತು,
ಅವಸರದಲ್ಲಿ ಇಪ್ಪತ್ತನಾಲ್ಕರ ಬದಲು ನಲವತ್ತೆರಡು ಒತ್ತಿದ್ದೆ.
ಗಂಟೆ ಕಳೆದು ಸರಿಮಾಡಿದೆ; ಅಷ್ಟರೊಳಗೆ
ಹೆಪ್ಪು ಒಮ್ಮೆ ಬರೆದುಕೊಂಡಾಗಿತ್ತು.
ಕೈಯಿಂದ ತಿದ್ದಿದ್ದೆ. ನಾನೇ.

ತಿಪ್ಪೇಶಿ ಏನೂ ಅನ್ನಲಿಲ್ಲ.
ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಹಳೆಯ ಹೆಪ್ಪು ತೆಗೆದು ಹೊಸದು ಹಾಕಿದೆವು.
ರಾತ್ರಿ ಎರಡರವರೆಗೆ ಕಾಯುವ ತಾಳ್ಮೆ ಇಲ್ಲದೆ
ಸಂಜೆಯೇ ಎಬ್ಬಿಸಿದೆವು ಅದನ್ನು;
ಎಂಬತ್ತೊಂದನೇ ಸಾಲಿನಲ್ಲಿ ಯಾರೂ ಮುಟ್ಟದ ಒಂಬತ್ತು.
ಕೆಳಗಿನ ಅಂಗಡಿಯಿಂದ ಒಂದು ಕಿಲೋ ಸಕ್ಕರೆ ಕಟ್ಟಿಸಿ ತಂದು
ತಕ್ಕಡಿಯ ಮೇಲಿಟ್ಟೆವು. ಆರೂ ಜನ ಬಗ್ಗಿ ನೋಡಿದೆವು.
ಒಂಬೈನೂರ ಎಪ್ಪತ್ತು.
ಯಾರಿಗೂ ಉಸಿರಿಲ್ಲ.

ತಿಪ್ಪೇಶಿ ಕಪಾಟಿನಿಂದ ಸರಕಾರಿ ಮುದ್ರೆಯ
ಹಿತ್ತಾಳೆ ಬಟ್ಟು ತಂದಿಟ್ಟ: ಸಾವಿರಕ್ಕೆ ಸಾವಿರ.

"ಅದು ಅಂಗಡಿಯವನ ಕೈ ಮೇಡಂ," ಅಂದ,
"ಅದನ್ನು ತಿದ್ದೋಕೆ ನಮ್ಮ ಹತ್ತಿರ ಮೂಲ ಇಲ್ಲ."