ನಾವು ಅಂದರೆ

ಪಾನಶೇತಿನ ಒಡ್ಡು ಒಡೆದ ಮರುವರ್ಷ.
ಕಸಬಾ ಪೇಠೆಯ ಆ ವಾಡೆಯ ಗೋಡೆಗೆ
ಮುಠಾ ನದಿ ಎದೆಯೆತ್ತರಕ್ಕೆ ಎಳೆದ ಕೆಸರಿನ ಗೆರೆ
ಸುಣ್ಣ ಹೊಡೆದರೂ ಹೋಗಿರಲಿಲ್ಲ.
ಗೆರೆಯ ಕೆಳಗೆ ಹನ್ನೊಂದು ಪೆಟ್ಟಿಗೆ,
ಒಳಗೆ ನೀರು ಕುಡಿದು ಉಬ್ಬಿದ ವಹಿಗಳು.
ಜಹಗೀರಿನ ಲೆಕ್ಕದ ಕೆಂಪುಬಟ್ಟೆಯ ವಹಿಯಲ್ಲೇ
ಸಗುಣಾರಾಜೆ ಲೋಕ ಬರೆದಿಟ್ಟಿದ್ದರು:
ಜಮೆಯ ಕಡೆಗೆ ಬಸ್ರಾ,
ಖರ್ಚಿನ ಕಡೆಗೆ ಝಾಂಜಿಬಾರ್.

ತಿಂಗಳಿಗೆ ನಲವತ್ತು ರೂಪಾಯಿ ನನಗೆ,
ಕಲೆಸಿಹೋದ ಮೋಡಿ ಬಿಡಿಸಿ ಬಿಳಿಹಾಳೆಗೆ ಇಳಿಸಲು.
ಬೆಳಗಾವಿಯ ಹುಡುಗಿ; ಮೋಡಿ ಕಲಿಸಿದ್ದು ಅಜ್ಜ,
ಕುಲಕರ್ಣಿಕೆ ಹೋದ ಮೇಲೆ
ಅವನ ಬಳಿ ಉಳಿದಿದ್ದ ಆಸ್ತಿ ಅದೊಂದೇ.

ನಾವು ಹಡಗು ಹತ್ತಿದೆವು.
ನಾವು ಕಪ್ತಾನನ ಮೇಜಿಗೆ ಕೂತು ಉಂಡೆವು.
ಏಡನ್ ದಾಟಿದ ರಾತ್ರಿ ನಾವು ಕಡಲಿಗೆ ಬಳೆ ಎಸೆದೆವು.
ಬಸ್ರಾದಲ್ಲಿ ನಮಗೆ ಜ್ವರ ಬಂತು.
ದೊಡ್ಡ ಮನೆಯ ಮಾತೇ ಹಾಗೆ,
ಒಬ್ಬರೇ ಸೀನಿದರೂ ಬಹುವಚನ.
ನಾನು ನಗು ನುಂಗಿ ಬರೆಯುತ್ತಿದ್ದೆ.

ಜ್ವರದ ಪುಟ ಗಟ್ಟಿಯಾಗಿ ಓದಿದ ದಿನ
ಹೊಸ್ತಿಲಾಚೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಠಕೂಬಾಯಿ
ತಲೆ ಎತ್ತದೆ ಅಂದಳು:
"ಆ ಜ್ವರ ನಂದು, ಪೋರಿ.
ಹದಿನೇಳು ದಿನ. ಗಂಜಿ ಕಾಸಿದ್ದು ಅವರು.
ಒಂದು ದಿನವೂ ಉಪ್ಪು ನೆನಪಾಗಲಿಲ್ಲ ಅವರಿಗೆ."

"ಮತ್ತೆ ಬಳೆ?"
ಬೆಳ್ಳುಳ್ಳಿ ಎಸಳೊಂದು ಬುಟ್ಟಿಗೆ ಬಿತ್ತು.
"ಅದನ್ನ ಅವರನ್ನೇ ಕೇಳು."
ನಾನು ಕೇಳಲಿಲ್ಲ.

ಆಮೇಲೆ ಪ್ರತಿ 'ನಾವು' ಎದುರಾದಾಗ ಲೇಖನಿ ತಡೆಯಿತು,
ಇದರೊಳಗೆ ಎಷ್ಟು ಜನ?
ಮೇಜಿನೆದುರು ಒಬ್ಬರೇ ಇರಬೇಕು.
ಡೆಕ್ಕಿನ ಮೇಲೆ ವಾಂತಿ ಮಾಡಿಕೊಂಡದ್ದು ಇಬ್ಬರೂ.
ದಮಾಸ್ಕಸ್ಸಿನ ಹಮಾಮಿನಲ್ಲಿ
ಒಬ್ಬಳ ಬೆನ್ನು ಇನ್ನೊಬ್ಬಳು ಉಜ್ಜಿದ್ದು,
ಯಾರು ಯಾರದ್ದು ಎಂದು ವಹಿ ಹೇಳುವುದಿಲ್ಲ.
ಹದಿನಾಲ್ಕು ದೇಶಗಳಲ್ಲಿ ಎಲ್ಲೂ
ಠಕೂ ಎಂಬ ಎರಡಕ್ಷರ ಸಿಗಲಿಲ್ಲ.

ಕನ್ನಡಕ್ಕೆ ಒಂದೇ ನಾವು, ಎಲ್ಲರೂ ಅದರಲ್ಲೇ ಹಿಡಿಸಬೇಕು.
ಮರಾಠಿಗೆ ಎರಡು:
'ಆಮ್ಹಿ', ಎದುರು ನಿಂತವರನ್ನು ಬಿಟ್ಟು;
'ಆಪಣ', ಅವರನ್ನೂ ಸೇರಿಸಿ.
ಒಂಬತ್ತನೆಯ ವಹಿಯ ತುದಿಯವರೆಗೂ ಆಮ್ಹಿ, ಆಮ್ಹಿ, ಆಮ್ಹಿ.
ಬಸ್ರಾದ ಆಸ್ಪತ್ರೆಯ ತಾರೀಖಿನ ಕೆಳಗೆ,
ಕೆಸರು ತಿಂದ ಅಂಚಿನಲ್ಲಿ ಒಂದೇ ಒಂದು ಸಲ, ಆಪಣ.
ಮುಂದಿನ ಮಾತು ನೀರುಪಾಲು.

ವಹಿ ಒಯ್ದು ಹಿಡಿದೆ.
ಅಕ್ಕಾಸಾಹೇಬರು ಕನ್ನಡಕ ಏರಿಸಿದರು, ಒರೆಸಿದರು, ಮತ್ತೆ ಏರಿಸಿದರು.
ಹೊರಗೆ ಸುಲಿಯುವ ಸದ್ದು ನಿಂತಿತ್ತು.
"ಅಲ್ಲಿ ಜಾಗ ಖಾಲಿ ಬಿಡು," ಅಂದರು. "ಬಹಳ ಬೇಡ."

ಬಿಟ್ಟಿದ್ದೆ.
ಅವರು ಹೋದ ಮೇಲೆ ಪುಸ್ತಕ ಬಂತು.
ಅಚ್ಚಿನವನು ತಪ್ಪೆಂದು ತಿಳಿದು
ಸಾಲನ್ನು ಕೂಡಿಸಿಬಿಟ್ಟಿದ್ದ.