ಸದರಿ

ಶಹಾಪುರದ ತಹಶೀಲ ಕಚೇರಿ ಎದುರು
ಬೇವಿನ ಬುಡಕ್ಕೆ ನನ್ನ ಮೇಜು, ಟೈಪ್ ಮಶೀನು.
ಇಪ್ಪತ್ತೆರಡು ವರ್ಷ.
ಪಹಣಿ, ಪಿಂಚಣಿ, ರೇಷನ್ ಕಾರ್ಡಿನಲ್ಲಿ ತಪ್ಪಿಹೋದ ಹೆಸರು,
ಯಾರ ಸಂಕಟವನ್ನಾದರೂ ಒಂದು ಹಾಳೆಯಲ್ಲಿ ಕೂರಿಸುತ್ತೇನೆ.
ಹಾಳೆಗೆ ಮೂವತ್ತು ರೂಪಾಯಿ.

ಸೋಮವಾರ ಮಾಳಮ್ಮ ಬಂದಳು.
ಸೆರಗಿನ ಗಂಟಿನಲ್ಲಿ ಮಗನ ಫೋಟೊ, ಅದಕ್ಕೆ ಅಂಟಿದ ಬಸ್ ಟಿಕೀಟು.
‘ಬುಧವಾರ ರಾತ್ರಿ ಒಯ್ದಾರ್ರಿ. ಜೀಪಿಗೆ ನಂಬರ್ ಇರ್ಲಿಲ್ಲ.
ಉಣ್ಲಾಕ ಕುಂತಿದ್ದ. ಕೈ ಸೈತ ತೊಳಕೊಳ್ಳಗೊಡಲಿಲ್ಲ.’

ಗ್ರಾಮಸಭೆಯಲ್ಲಿ ಎದ್ದು ನಿಂತು
ಇಲ್ಲದ ಚರಂಡಿಗೆ ಎತ್ತಿದ ಬಿಲ್ಲಿನ ಲೆಕ್ಕ ಕೇಳಿದ್ದನಂತೆ.
ಠಾಣೆಯಲ್ಲಿ ಹೆಸರು ಕೇಳಿ ನಕ್ಕರಂತೆ:
‘ಸಾಬಣ್ಣ? ಸಾಬನೋ, ಅಣ್ಣನೋ? ಮೊದಲು ಅದನ್ನ ಹೇಳು.’
ದರ್ಗಾಕ್ಕೆ ಹರಕೆ ಹೊತ್ತು ಹಡೆದವಳು,
ಮೈಲಾರನ ಗುಡಿಯಲ್ಲಿ ಜವಳ ತೆಗೆಸಿದವಳು,
ಅವಳಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ.
ನಮ್ಮಲ್ಲಿಲ್ಲ ಎಂದರು.
ಯಾದಗಿರಿ ಆಸ್ಪತ್ರೆಯವರೂ ಇಲ್ಲ ಎಂದರು.
ಠಾಣೆಯ ಕ್ಯಾಮೆರಾ ಸರಿಯಾಗಿ ಅದೇ ಮೂರು ದಿನ ಕೆಟ್ಟಿತ್ತು.

ಕೈಗೆ ರೂಢಿಯಾದಂತೆ ಬಡಿದೆ:
ಮಾನ್ಯರೇ, ಸದರಿ ವ್ಯಕ್ತಿಯನ್ನು ವಿಚಾರಣೆ ನಿಮಿತ್ತ ಕರೆದೊಯ್ದಿದ್ದು,
ಸದರಿಯವನು ಈವರೆಗೆ ಹಿಂದಿರುಗದೇ ಇರುವ ಪ್ರಯುಕ್ತ
ತಾವು ದಯಾಪರರಾಗಿ…

ಓದಿ ಹೇಳ್ರಿ ಅಂದಳು. ಓದಿದೆ.
‘ಸದರಿ ಅಂದ್ರ ಯಾರ್ರಿ?’
‘ನಿನ್ನ ಮಗ.’
‘ಅಂವಗೊಂದು ಹೆಸರದ.
ಕರಕೊಂಡು ಹೋಗಿಲ್ಲ, ಎಳಕೊಂಡು ಹೋಗ್ಯಾರ.
ಮತ್ತ ದಯಾ ಯಾಕ? ನಾ ಏನ್ ಭಿಕ್ಷಾ ಬೇಡ್ಲಾಕ ಬಂದೀನೇನು?’

ಬೇವಿನ ಹಣ್ಣೊಂದು ಮಶೀನಿನ ಮೇಲೆ ಬಿತ್ತು.
ಎಷ್ಟು ಜನರನ್ನು ಸದರಿ ಮಾಡಿ ಕಳಿಸಿದೆನೋ ಈ ಮೇಜಿನಿಂದ.
ಲೆಕ್ಕ ಇಟ್ಟಿಲ್ಲ.

ಹಾಳೆ ಎಳೆದು ಹರಿದೆ.
ಅವಳು ಹೇಳಿದಂತೆಯೇ ಬಡಿದೆ,
ಕೈ ತೊಳೆಯಗೊಡಲಿಲ್ಲ ಎಂಬುದನ್ನೂ ಸೇರಿಸಿ.
ಎಡಗೈ ಹಿಡಿದು ಹೆಬ್ಬೆರಳಿಗೆ ಶಾಯಿ ಹಚ್ಚುವಾಗ ಕಂಡಿತು
ಪಕ್ಕದ ಬೆರಳಿನಲ್ಲಿ ಓಟಿನ ಗೆರೆ,
ಉಗುರಿನ ಜೊತೆ ಬೆಳೆದು ತುದಿಗೆ ಬಂದಿದೆ.
ಆ ದಿನ ಬಾಗಿಲಿಗೇ ಆಟೋ ಬಂದಿತ್ತಂತೆ, ಎರಡು ಸಲ.

ಟಪಾಲಿನ ಗುಮಾಸ್ತ ಓದಿ ಕನ್ನಡಕ ತೆಗೆದ.
‘ಇದೇನು? ಅರ್ಜಿಯ ಭಾಷೆಯೇ ಅಲ್ಲ.’
ಹೌದು ಅಂದೆ.
ಮೊಹರು ಕೈಯಲ್ಲಿ ಹಿಡಿದೇ ಕೂತ.
ಒತ್ತಲಿಲ್ಲ, ವಾಪಸೂ ಕೊಡಲಿಲ್ಲ.
ಕಿಟಕಿಯಾಚೆ,
ಬುದ್ಧ ಮಲಗ್ಯಾನ ನೋಡ್ರಿ ಎಂದು ಪರಊರಿನವರಿಗೆ ನಾವು ತೋರಿಸುವ ಗುಡ್ಡ.

ಮಾಳಮ್ಮ ಕೌಂಟರಿನ ಕಂಬಿ ಹಿಡಿದಳು,
ನೀಲಿ ಹೆಬ್ಬೆರಳು ಸರಳಿನ ಮೇಲೆ.
‘ಹೊಡೀರಿ ಸಿಕ್ಕಾ’ ಅಂದಳು.
‘ಹೊಡಿಯೋದು ನಿಮಗ ಬರ್ತದಲ್ಲ.
ನಾ ಇಲ್ಲೇ ಅದೀನಿ.’